ಕಂಪ್ಯೂಟರಿಗೊಂದು ಕೋಟು

ಕಂಪ್ಯೂಟರಿನ ಒಳಗನ್ನು ಬಲ್ಲವರು ಯಾರಾದರೂ ಈ ಕತೆಯನ್ನು ಓದುವುದಾದರೆ ಅವರ ಬಳಿ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೇಳುವವರಿಗೆ ಆ ವಿದ್ಯೆ ಅಷ್ಟಕ್ಕಷ್ಟೆ. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರನ್ನು ಕೇಳಿ, ಅದು ಸರಿಯೇ ಎಂದು ಇನ್ನೊಬ್ಬರನ್ನು ಕೇಳಿ, ಆಮೇಲೂ ಅನುಮಾನ ಉಳಿಸಿಕೊಂಡೇ ಬರೆದದ್ದು ಇದು. ಬಲ್ಲವರಿಗೆ ರೋಗ ಎರಡನೆಯ ಪುಟಕ್ಕೇ ಗೊತ್ತಾಗಬಹುದು. ಗೊತ್ತಾದರೆ ದಯವಿಟ್ಟು ಪಕ್ಕದವರಿಗೆ ಹೇಳಬೇಡಿ. ಆ ಮನೆಯವರಿಗೆ ಗೊತ್ತಾಗಲು ಹೆಚ್ಚುಕಡಿಮೆ ಒಂದು ವಾರವೇ ಹಿಡಿಯಿತು. ಆ ವಾರ ಕೆಟ್ಟದ್ದು ಕಂಪ್ಯೂಟರ್ ಒಂದೇ ಆಗಿದ್ದರೆ ಇದನ್ನು ಹೇಳುವ ಸಾಹಸಕ್ಕೂ ಕೈಹಾಕುತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಬೀಗ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಊರಿನವರ ಕೀಲಿಕೈ ಕಳೆದರೆ, ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದುಬಿಟ್ಟರೆ ಅವನೇ ಬರಬೇಕು. ಬೇರೆಯವರ ಬಾಗಿಲ ಮುಂದೆ ಅವನಿಗೆ ಒಂದಿಷ್ಟೂ ಅನುಮಾನ ಬರುತ್ತಿರಲಿಲ್ಲ. ತನ್ನ ಅಂಗಡಿಗೆ ಬೀಗ ಹಾಕಿದ ಮೇಲೆ ಮಾತ್ರ ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಬಂದು, ಬೀಗ ಎಳೆದು ನೋಡಿ, ಮತ್ತೆ ಹೊರಟು, ಮತ್ತೆ ಬಂದು ಎಳೆಯುವ ಜಾತಿಯ ಮನುಷ್ಯ. ವಯಸ್ಸಾದ ಮೇಲೆ ಸಂಜೆ ಶಾಲೆಗೆ ಸೇರಿದ್ದ. ಹುಡುಗನಾಗಿದ್ದಾಗ ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸಿಬಿಡಬೇಕೆಂಬ ಹಟ. ಕೊನೆಯ ಕೆಲಸವಾಗಿ ಪ್ರತಿಯೊಬ್ಬರೂ ತಮ್ಮ ಕಸುಬಿನ ಮೇಲೆ ಒಂದು ಪ್ರಬಂಧ ಬರೆದು, ಟೈಪ್ ಮಾಡಿ, ಶನಿವಾರ ಸಂಜೆಯೊಳಗೆ ಮೇಷ್ಟರ ಕೈಗೆ ಕೊಡಬೇಕಿತ್ತು. ಬರೆಯಲೆಂದೇ ಆ ವಾರ ತರಗತಿಗೆ ರಜೆ ಕೊಟ್ಟಿದ್ದರು.

ಮನೆಯ ಮುಂದಿನ ಕೋಣೆಯಲ್ಲಿ ಎರಡು ಯಂತ್ರಗಳಿದ್ದವು. ಕಿಟಕಿಯ ಬಳಿ ಅತ್ತೆಯ ಹೊಲಿಗೆ ಯಂತ್ರ, ಎದುರು ಗೋಡೆಗೆ ಅಳಿಯನ ಕಂಪ್ಯೂಟರ್. ಅತ್ತೆ ಎಂದರೆ ಹೆಂಡತಿಯ ತಾಯಿ. ಕೋಟು ಮತ್ತು ಸಮವಸ್ತ್ರ ಹೊಲಿಯುವುದರಲ್ಲಿ ಎತ್ತಿದ ಕೈ. ಚಾಲಕರು, ಕಾವಲುಗಾರರು, ಬ್ಯಾಂಡಿನವರು ಎಲ್ಲರೂ ಅವರ ಟೇಪಿನ ಅಡಿಯಲ್ಲಿ ಹಾದುಹೋದವರೇ. ಇಬ್ಬರೂ ಕೆಲಸಕ್ಕೆ ಕುಳಿತರೆ ಬೆನ್ನಿಗೆ ಬೆನ್ನು. ಅದು ಇಬ್ಬರಿಗೂ ಅನುಕೂಲವೇ ಆಗಿತ್ತು, ಏಕೆಂದರೆ ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣ ಒಂದು ಕೀಲಿಕೈ. ಅತ್ತೆ ಇವರ ಮನೆಗೆ ಬಂದು ನೆಲೆಸಿದ ಹೊಸತರಲ್ಲಿ ಬೀಗದಣ್ಣ ಅವರ ಗೌರವಕ್ಕೆಂದು ಮುಂಬಾಗಿಲಿಗೆ ಹೊಸ ಬೀಗ ಕೂರಿಸಿ, ಅವರಿಗಾಗಿ ತನ್ನ ಕೈಯಾರೆ ಚಕ್ರಕ್ಕೆ ಹಿಡಿದು ಒಂದು ಕೀಲಿಕೈ ಅರೆದು, ತಲೆಗೆ ಕೆಂಪು ದಾರ ಕಟ್ಟಿ ಕೊಟ್ಟಿದ್ದ. ಮರುದಿನ ನೂಲು ತರಲು ಹೋದ ಅತ್ತೆ ಹಿಂದಿರುಗಿ ಬಂದು ತಿರುಗಿಸಿದರೆ ಬೀಗ ಜಪ್ಪಯ್ಯ ಅನ್ನಲಿಲ್ಲ. ಮಗಳು ಕೆಲಸದಿಂದ ಬರುವವರೆಗೂ ಚೀಲ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಹೋಗಿಬರುವವರೆಲ್ಲ ಒಬ್ಬರಾದ ಮೇಲೊಬ್ಬರು, "ಯಾಕಮ್ಮ, ಹೊರಗೇ ಕೂತಿದ್ದೀರಾ? ಅಳಿಯ ಮನೇಲಿಲ್ವಾ?" ಎಂದು ವಿಚಾರಿಸಿದರು.

"ಊರೋರಿಗೆಲ್ಲ ಬಾಗಿಲು ತೆಗೆದು ಕೊಡ್ತಾರೆ, ಅತ್ತೆಗೆ ಮಾತ್ರ ಆಗಲ್ಲ," ಎಂದರು ಅತ್ತೆ ಆ ಸಂಜೆ.

"ಕೀಲಿ ಇದ್ರೆ ಸಾಲದು, ತಿರುಗಿಸೋಕೂ ಬರ್ಬೇಕು," ಎಂದುಬಿಟ್ಟ ಬೀಗದಣ್ಣ. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಬಾಯಿಂದ ಜಾರಿದ್ದು ಜಾರಿಯಾಗಿತ್ತು. ನಾಚಿಕೆಗೋ ಸಿಟ್ಟಿಗೋ ಆ ಬೀಗವನ್ನು ಆಗಲೇ ಕಿತ್ತು ಗುಜರಿಗೆ ಹಾಕಿ ಬೇರೆ ಬೀಗ ಕೂರಿಸಿದ. ಕೀಲಿಕೈಯನ್ನು ಅತ್ತೆ ವಾಪಸು ಕೊಡಲಿಲ್ಲ.

ಅಂದಿನಿಂದ ಮನೆಯಲ್ಲಿ ಮಾತೆಲ್ಲ ಹೆಂಡತಿಯ ಮೂಲಕ. "ಸಾರಿಗೆ ಉಪ್ಪು ಬೇಕಾ ಕೇಳು." "ರೀ, ಉಪ್ಪು ಬೇಕಾ?" "ಬೇಡ ಅನ್ನು." ಎಲ್ಲರೂ ಒಂದೇ ಮೇಜಿಗೆ ಕುಳಿತಿರುತ್ತಿದ್ದರು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸದಲ್ಲಿದ್ದವಳು. "ಹಗಲೆಲ್ಲ ಬಾಯಿ ತೆಗೆಯೋಕೆ ಹೆದರೋರ ಜೊತೆ ಏಗ್ತೀನಿ, ಮನೆಗೆ ಬಂದ್ರೆ ಬಾಯಿ ತೆಗೆಯೋಕೆ ಒಪ್ಪದೇ ಇರೋರ ಜೊತೆ," ಎಂದು ಅವಳು ಗೊಣಗುತ್ತಿದ್ದಳು. "ತವರಿಗೆ ಹೋಗ್ಬಿಡ್ತೀನಿ ಅಂತ ಹೆದರಿಸೋಣ ಅಂದ್ರೆ ಅದಕ್ಕೂ ದಾರಿಯಿಲ್ಲ, ತವರೇ ಇಲ್ಲಿ ಬಂದು ಕೂತಿದೆ!" ಅವಳಿಲ್ಲದ ಹೊತ್ತಿನಲ್ಲಿ ಏನಾದರೂ ಹೇಳಲೇಬೇಕಾಗಿ ಬಂದರೆ ಇಬ್ಬರೂ ತಂತಮ್ಮ ಯಂತ್ರಕ್ಕೆ ಹೇಳುತ್ತಿದ್ದರು. "ಯಾರೋ ನಲ್ಲಿ ನಿಲ್ಲಿಸದೆ ಬಂದಿದಾರೆ," ಎಂದು ಅತ್ತೆ ಹೊಲಿಗೆ ಯಂತ್ರಕ್ಕೆ ಹೇಳಿದರೆ, ಬೀಗದಣ್ಣ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬರುತ್ತಿದ್ದ.

ಹೀಗಿರುವಾಗ, ಆ ವಾರಕ್ಕೆ ಮುಂಚಿನ ಭಾನುವಾರ, ನಡೆಯಬಾರದ್ದು ನಡೆಯಿತು. ಒಳ್ಳೆಯದೇ ನಡೆಯಿತು, ಆದರೆ ಯಾರೂ ಎಣಿಸಿರಲಿಲ್ಲ. ಪೈಪು ಹಾಕಲೆಂದು ಬೀದಿಯನ್ನು ಅಗೆದಿದ್ದರಿಂದ ಮನೆಯೊಳಗೆಲ್ಲ ಧೂಳು. ಬೀಗದಣ್ಣ ದಿನಾ ಶಾಲೆಯ ಪಾಠ ಟೈಪ್ ಮಾಡಲು ಕೂರುವ ಮೊದಲು ಕಂಪ್ಯೂಟರಿನ ಪೆಟ್ಟಿಗೆಯನ್ನು, ಅಂಗಡಿಯವರು ಸಿಪಿಯು ಎನ್ನುವ ಅದನ್ನು, ಕರವಸ್ತ್ರದಿಂದ ಒರೆಸುತ್ತಿದ್ದ. ಇದನ್ನು ಬೆನ್ನ ಹಿಂದಿನಿಂದಲೇ ಗಮನಿಸಿದ್ದ ಅತ್ತೆ ಅವನಿಲ್ಲದಾಗ ಟೇಪು ಹಿಡಿದು ಪೆಟ್ಟಿಗೆಯ ಎದೆ, ಬೆನ್ನು, ಭುಜ, ಉದ್ದ ಎಲ್ಲವನ್ನೂ ಗಿರಾಕಿಯದರಂತೆ ಅಳೆದು, ಕಾವಲುಗಾರರ ಚಳಿಗಾಲದ ಕೋಟಿಗೆ ತಂದು ಉಳಿದಿದ್ದ ದಪ್ಪ ಬೂದು ಬಟ್ಟೆಯಲ್ಲಿ ಅದಕ್ಕೊಂದು ಕೋಟು ಹೊಲಿದಿದ್ದರು. ಅಂಚಿಗೆ ಪಟ್ಟಿ, ಒಳಗೆ ಲೈನಿಂಗಿನ ಅಸ್ತರು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಇಡಲು ಜೇಬು, ಮುಂದೆ ಸಾಲಾಗಿ ಗುಂಡಿ, ಸ್ವಿಚ್ಚಿಗೆ ಸರಿಯಾಗಿ ಬೆರಳು ಹೋಗುವಷ್ಟು ಒಂದು ಕಾಜಾ. ಬೆನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು. ತಂತಿಗಳು ಕೆಳಗಿನ ಸೀಳಿನಿಂದ ಹೊರಬರುತ್ತಿದ್ದವು, ಕೋಟಿನಡಿಯಿಂದ ಇಣುಕುವ ಕಾಲುಗಳ ಹಾಗೆ.

"ತಗೊಳ್ಳಿ," ಎಂದರು ಅತ್ತೆ. ಹೊಲಿಗೆ ಯಂತ್ರಕ್ಕಲ್ಲ, ಮಗಳಿಗಲ್ಲ, ಅವನಿಗೇ. "ಧೂಳು. ಚಳಿ ಬೇರೆ ಶುರುವಾಗ್ತಿದೆ."

ಬೀಗದಣ್ಣ ಕೋಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ತುಂಬ ಚೆನ್ನಾಗಿದೆ ಅತ್ತೆ. ನನ್ನ ಕೋಟಿಗಿಂತ ಚೆನ್ನಾಗಿದೆ," ಎಂದ. ಅದು ನಿಜವೂ ಆಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. "ಇನ್ನು ನನ್ನ ಅಂಚೆ ಕಚೇರಿ ಮುಚ್ಚಿತು," ಎಂದಳು.

ಸೋಮವಾರ ಸಂಜೆ ಬೀಗದಣ್ಣ ಪ್ರಬಂಧ ಬರೆಯಲು ಕುಳಿತ. ಕೋಟು ತೊಟ್ಟ ಪೆಟ್ಟಿಗೆ ಮೇಜಿನ ಪಕ್ಕದಲ್ಲಿ ಕರೆಯದೆ ಬಂದ ಅಧಿಕಾರಿಯಂತೆ ಗಂಭೀರವಾಗಿ ನಿಂತಿತ್ತು. ಒಂದು ಪುಟ ಸಾಗಿ, "ಒಳ್ಳೆಯ ಬೀಗದ ಮೊದಲ ಲಕ್ಷಣವೆಂದರೆ" ಎಂದು ಟೈಪ್ ಮಾಡಿದ್ದೇ ತಡ, ಪರದೆ ಕಪ್ಪಾಯಿತು. ಗುರ್ ಎನ್ನುತ್ತಿದ್ದ ಪೆಟ್ಟಿಗೆ ಗಪ್‌ಚಿಪ್. ಹೊಗೆಯಿಲ್ಲ, ಸದ್ದಿಲ್ಲ. ಮಾತಾಡುತ್ತಿದ್ದವರು ಎದ್ದು ಹೋದ ಹಾಗೆ.

"ಅಯ್ಯೋ!"

"ಏನಾಯ್ತು ಅಳಿಯಂದ್ರೇ?" ಎಂದರು ಅತ್ತೆ. ಆ ಗಾಬರಿಯಲ್ಲೂ ಅವನಿಗೆ ಆ ನೇರ ಪ್ರಶ್ನೆ ಹಿತವಾಗಿ ಕೇಳಿಸಿತು.

ಬೀಗ ಕೆಟ್ಟರೆ ಅವನದೊಂದು ಕ್ರಮವಿತ್ತು. ಮೊದಲು ಬಾಗಿಲು, ಆಮೇಲೆ ಕೀಲಿಕೈ, ಕೊನೆಗೆ ಬೀಗದ ಹೊಟ್ಟೆ. ಅದೇ ಪ್ರಕಾರ ಗೋಡೆಯ ಪ್ಲಗ್ಗನ್ನು ನೋಡಿದ. ದೀಪ ಹಾಕಿ ಕರೆಂಟು ಇದೆಯೇ ಎಂದು ನೋಡಿದ. ತಂತಿ ನೋಡಬೇಕೆಂದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಬಂದ ನೆಂಟರ ಕೋಟನ್ನು ತೆಗೆದಿಡುವಂತೆ ಜೋಪಾನವಾಗಿ ಕುರ್ಚಿಯ ಬೆನ್ನಿಗೆ ಹಾಕಿದ. ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿ, ಒಂದು ಲೋಟ ನೀರು ಕುಡಿದು ಬಂದು ಸ್ವಿಚ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಬರೆದದ್ದರಲ್ಲಿ ಕೊನೆಯ ಕೆಲವು ಸಾಲು ಮಾತ್ರ ಹೋಗಿತ್ತು.

"ತಂತಿ ಸಡಿಲ ಆಗಿತ್ತು," ಎಂದು ಅವನು ತೀರ್ಪು ಕೊಟ್ಟ.

"ಸದ್ಯ," ಎಂದು ಅತ್ತೆ ಎದ್ದು ಬಂದು ಕೋಟು ತೊಡಿಸಿ ಕಾಲರು ನೇರ ಮಾಡಿದರು.

ಅವನು ಮತ್ತೆ ಟೈಪ್ ಮಾಡಿದ. "ಒಳ್ಳೆಯ ಬೀಗದ ಮೊದಲ ಲಕ್ಷಣವೆಂದರೆ" ಎಂಬಲ್ಲಿಗೆ ಬಂದು ಸರಿಯಾದ ಪದಕ್ಕಾಗಿ ತುಂಬ ಹೊತ್ತು ತಡಕಾಡಿ ಕೀಬೋರ್ಡ್ ಮುಟ್ಟುವಷ್ಟರಲ್ಲಿ ಪರದೆ ಮತ್ತೆ ಕಪ್ಪು. ಈಗ ಅವನಿಗೆ ಬೇರೆಯೇ ಭಯ ಹಿಡಿಯಿತು. ಆ ವಾಕ್ಯದಲ್ಲೇ ಏನೋ ದೋಷವಿರಬಹುದೇ? ಮೇಷ್ಟರು ತಪ್ಪು ವಾಕ್ಯಕ್ಕೆ ಕೆಂಪು ಗೆರೆ ಹಾಕುತ್ತಾರೆ, ಕಂಪ್ಯೂಟರ್ ಬಾಗಿಲನ್ನೇ ಹಾಕಿಕೊಳ್ಳುತ್ತದೋ ಏನೋ. ಮಂಗಳವಾರ ಅದನ್ನು "ಉತ್ತಮ ಬೀಗದ ಪ್ರಥಮ ಲಕ್ಷಣವೆಂದರೆ" ಎಂದು ತಿದ್ದಿ ನೋಡಿದ. ಕಂಪ್ಯೂಟರಿಗೆ ಎರಡೂ ಒಂದೇ ಆಗಿತ್ತು.

ಬುಧವಾರ ಭಾವಮೈದನಿಗೆ ಫೋನು ಹೋಯಿತು. ಹೆಂಡತಿಯ ತಮ್ಮನಾದ ಅವನು ಫೋನಿನ ಕವರು ಮಾರುವ ಅಂಗಡಿಯಲ್ಲಿದ್ದ. ಅವನಿಗೆ ರೀಸ್ಟಾರ್ಟ್ ಎಂದು ಹೆಸರು ಬಿದ್ದಿತ್ತು. ಏನು ಕೆಟ್ಟರೂ ಅವನ ಮದ್ದು ಅದೊಂದೇ. ಅಕ್ಕನಿಗೆ ಜ್ವರ ಬಂದಾಗಲೂ, "ಒಂದ್ಸಲ ಮಲಗಿ ಎದ್ದುಬಿಡಕ್ಕ," ಎಂದಿದ್ದವನು.

"ಭಾವ, ಆಫ್ ಮಾಡಿ ಆನ್ ಮಾಡಿದ್ರಾ?"

"ಆಫ್ ಅದೇ ಆಗ್ತಿದೆ ಕಣೋ. ನನ್ನ ಕೆಲಸ ಬರೀ ಆನ್ ಮಾಡೋದು."

ರೀಸ್ಟಾರ್ಟ್ ಬಂದವನೇ ಕೋಟು ಕಳಚಿ ಬದಿಗಿಟ್ಟು, ಪೆಟ್ಟಿಗೆಯ ಮಗ್ಗುಲು ಬಿಚ್ಚಿ, ಗಡ್ಡದ ಬ್ರಷ್ಷಿನಿಂದ ಧೂಳು ಗುಡಿಸಿದ. ಒಳಗಿನಿಂದ ಒಂದು ಹಸಿರು ಪಟ್ಟಿಯನ್ನು ಎಳೆದು ತೆಗೆದು, "ಇದು ಮೆಮೊರಿ," ಎಂದು ಹೇಳಿ ಶಾಲೆಯ ರಬ್ಬರಿನಿಂದ ಅದರ ಅಂಚನ್ನು ಗಸಗಸ ಉಜ್ಜತೊಡಗಿದ.

ಬೀಗದಣ್ಣ ಅವನ ಕೈ ಹಿಡಿದುಕೊಂಡ. "ಲೋ ಲೋ, ನಿಧಾನ! ನಾನು ಬರೆದಿದ್ದೆಲ್ಲ ಅಳಿಸಿ ಹೋಗಲ್ವೇನೋ?"

"ಭಾವ, ಇದು ಹಾಗಲ್ಲ. ತುದಿಗೆ ಕಿಲುಬು ಹಿಡಿದಿರುತ್ತೆ, ಅದಕ್ಕೆ."

"ಒಂದು ಪುಟ ಪೂರ್ತಿ ಬರ್ದಿದೀನಿ ಮಾರಾಯ."

ರಬ್ಬರಿನ ಪುಡಿ ಊದಿ, ಪಟ್ಟಿಯನ್ನು ಸಿಕ್ಕಿಸಿ, ಸ್ವಿಚ್ ಒತ್ತಿದ. ಹತ್ತಿತು. ಎಲ್ಲರೂ ಚಹಾ ಕುಡಿದರು. ರೀಸ್ಟಾರ್ಟ್ ತನ್ನ ಅಂಗಡಿಯ ಗಿರಾಕಿಗಳ ಪೆದ್ದುತನದ ಕತೆಗಳನ್ನೆಲ್ಲ ಹೇಳಿ ಮುಗಿಸಿದರೂ ಕಂಪ್ಯೂಟರ್ ಕಣ್ಣು ಮಿಟುಕಿಸಲಿಲ್ಲ. "ನೋಡಿದ್ರಾ? ಕೈಗುಣ ಅಂದ್ರೆ ಇದು," ಎಂದು ಮೀಸೆ ತಿರುವಿದ, ಮೀಸೆ ಇಲ್ಲದಿದ್ದರೂ. ಅತ್ತೆ ಸಂತೋಷದಿಂದ ಎದ್ದು ಕೋಟು ಕೊಡವಿ ತೊಡಿಸಿದರು. ರೀಸ್ಟಾರ್ಟ್ ಹೊರಟು ಹೋದ. ಅವನಿನ್ನೂ ತನ್ನ ಮನೆ ತಲುಪಿರಲಿಕ್ಕಿಲ್ಲ, ಪರದೆ ಕಪ್ಪಾಯಿತು.

ಫೋನಿನಲ್ಲಿ ಅವನು, "ಹಾಗಾದ್ರೆ ವೈರಸ್ ಇರ್ಬೇಕು," ಎಂದ.

"ಅದು ಹೇಗೋ ಬರುತ್ತೆ? ಕೋಟು ಹಾಕಿದೀವಲ್ಲ," ಎಂದರು ಅತ್ತೆ ಪಕ್ಕದಿಂದ.

"ಇಲ್ಲಾಂದ್ರೆ ವಯಸ್ಸಾಯ್ತು ಅಂತ ಲೆಕ್ಕ. ಹಳೇದೆಲ್ಲ ಎಷ್ಟು ದಿನ ಅಂತ ಮನೇಲಿ ಇಟ್ಕೋತೀರಾ ಭಾವ, ಎತ್ತಿ ಹಾಕಿ."

"ಯಾರನ್ನ ಹೇಳ್ತಿದಾನೆ ಅವನು?" ಎಂದು ಕೇಳಿದರು ಅತ್ತೆ. ಬೀಗದಣ್ಣ ಫೋನು ಇಟ್ಟುಬಿಟ್ಟ.

ಗುರುವಾರ ಅತ್ತೆ ತಾವೇ ರೋಗ ಪರೀಕ್ಷೆಗೆ ಇಳಿದರು. ಕೋಟು ತೊಟ್ಟ ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿದರು. ಒಳಗೆ ಫ್ಯಾನು ಎಂದಿಗಿಂತ ಜೋರಾಗಿ ತಿರುಗುತ್ತಿತ್ತು. ಪೆಟ್ಟಿಗೆ ಸಣ್ಣಗೆ ಅದುರುತ್ತಿತ್ತು.

"ಗೊತ್ತಾಯ್ತು ಬಿಡಿ," ಎಂದರು. "ನಡುಗ್ತಿದೆ. ಚಳಿ ತಡೀತಿಲ್ಲ ಪಾಪ."

ಬೀಗದಣ್ಣ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕೋಟಿನ ಒಳಗೆ ಹತ್ತಿಯ ಪದರ ಬಂದಿತ್ತು, ಅದರ ಮೇಲೆ ಮೆತ್ತನೆಯ ಉಣ್ಣೆಯ ಅಸ್ತರು. ಪೆಟ್ಟಿಗೆ ಈಗ ಊದಿಕೊಂಡು, ಹಿಮದಲ್ಲಿ ನಡೆಯಲು ಹೊರಟವನಂತೆ ಕಾಣುತ್ತಿತ್ತು. ಅವನು ಸ್ವಿಚ್ ಒತ್ತಿದ. ಈ ಸಲ ಅದು ಮೊದಲ ಪುಟದ ಶೀರ್ಷಿಕೆಯನ್ನೂ ದಾಟಲು ಬಿಡಲಿಲ್ಲ.

ನಡುಕ ಇನ್ನೂ ಇದೆಯೇ ನೋಡೋಣವೆಂದು ಅವನು ಕೋಟಿನೊಳಗೆ ಕೈ ತೂರಿಸಿದ. ತೂರಿಸಿದವನೇ ಚುರ್ ಎಂದು ಸುಟ್ಟ ಕೈಯನ್ನು ಹಿಂದಕ್ಕೆಳೆದುಕೊಂಡ. ಅಂಗಡಿಯಲ್ಲಿ ಕೀಲಿಕೈ ಅರೆಯುವ ಚಕ್ರದ ಮೋಟಾರು ನೆನಪಾಯಿತು. ಕೆಲಸ ಮುಗಿದ ಕೂಡಲೇ, ಬಿಸಿ ಆರುವ ಮೊದಲೇ, ಅದರ ಮೇಲೆ ಯಾರಾದರೂ ಬಟ್ಟೆ ಮುಚ್ಚಿದರೆ ಅವನೇ ಬೈಯುತ್ತಿದ್ದ. ಕೋಟು ಕಳಚಿದಾಗಲೆಲ್ಲ ಹತ್ತಿದ್ದು, ತೊಡಿಸಿದಾಗಲೆಲ್ಲ ಆರಿದ್ದು, ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೇರೆಯವರ ಬೀಗವಾಗಿದ್ದರೆ ಇಷ್ಟು ಹೊತ್ತಿಗೆ ಕುಣಿದಾಡುತ್ತಿದ್ದ. ಈಗ ಮಾತ್ರ ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೆನ್ನ ಹಿಂದೆ ಅತ್ತೆ ಯಂತ್ರ ತುಳಿಯುತ್ತಾ, "ಈಗ ಬೆಚ್ಚಗಿದೆಯಾ?" ಎಂದು ಕೇಳಿದರು.

"ತುಂಬಾ ಬೆಚ್ಚಗಿದೆ ಅತ್ತೆ," ಎಂದ.

ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ಹೆಚ್ಚುತ್ತಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟಳು.

"ಹೇಳ್ಬೇಡಿ."

"ಶನಿವಾರ ಕೊಡ್ಬೇಕಲ್ಲೇ."

"ಹಾಗಾದ್ರೆ ಹೇಳಿ."

"ಹೇಳಿದ್ರೆ ಮತ್ತೆ ಮಾತು ಬಿಟ್ರೆ?"

"ಅದಕ್ಕೇ ಹೇಳ್ಬೇಡಿ ಅಂದಿದ್ದು." ಅವಳು ಕಣ್ಣೀರು ಒರೆಸಿಕೊಂಡಳು. ಈರುಳ್ಳಿಯದೋ ಮತ್ಯಾವುದರದೋ. "ಎಷ್ಟು ವರ್ಷದ ಮೇಲೆ ಅಮ್ಮ ನಿಮ್ಮನ್ನ ಅಳಿಯಂದ್ರೇ ಅಂತ ಕರೆದಿರೋದು ರೀ. ಒಂದು ಕಂಪ್ಯೂಟರಿಗೋಸ್ಕರ ಅದನ್ನ ಕೆಡಿಸ್ತೀರಾ?"

ಕೆಡಿಸುವ ಮನಸ್ಸು ಅವನಿಗೆ ಖಂಡಿತ ಇರಲಿಲ್ಲ. ಅದಕ್ಕಾಗಿಯೇ ಶುಕ್ರವಾರ ಕಳ್ಳದಾರಿ ಹಿಡಿದ. ಅತ್ತೆ ಸಮವಸ್ತ್ರಗಳ ಗಂಟು ಹೊತ್ತು ಗಿರಾಕಿಗಳ ಮನೆಗೆ ಹೊರಟದ್ದೇ ಅಂಗಡಿ ಮುಚ್ಚಿ ಬಂದು, ಪೆಟ್ಟಿಗೆಯ ಕೋಟು ಬಿಚ್ಚಿ, ಟೈಪ್ ಮಾಡತೊಡಗಿದ. ಎಂಥ ಓಟ! ಬೀಗದ ಒಳಗಿನ ಸ್ಪ್ರಿಂಗು, ತುಕ್ಕು, ಎಣ್ಣೆ, ಎಲ್ಲವೂ ಸರಾಗವಾಗಿ ಪುಟಕ್ಕಿಳಿದವು. ಕಿವಿ ಮಾತ್ರ ಮೆಟ್ಟಿಲ ಕಡೆಗೇ ಇತ್ತು. ಚಪ್ಪಲಿಯ ಸದ್ದು ಕೇಳಿದಾಗ ಹಾರಿ ಎದ್ದು ಕೋಟು ತೊಡಿಸಿದ. ಅದು ಪಕ್ಕದ ಮನೆಯವರ ಚಪ್ಪಲಿ. ಬಿಚ್ಚಿದ. ಇನ್ನೊಂದು ಸದ್ದು, ತೊಡಿಸಿದ. ಹಾಲಿನವನು. ಬಿಚ್ಚಿದ. ನಿಜವಾಗಿಯೂ ಅತ್ತೆ ಬಂದಾಗ ಗಡಿಬಿಡಿಯಲ್ಲಿ ಕೈಗೆ ಸಿಕ್ಕಂತೆ ಗುಂಡಿ ಹಾಕಿ ಕುರ್ಚಿಗೆ ಹಾರಿ, ಕೈ ಕಟ್ಟಿ ಕುಳಿತು, ಏದುಸಿರು ಬಿಡುತ್ತಾ ನಕ್ಕ.

ಅತ್ತೆ ಹೊಸದಾಗಿ ತಂದ ಬಟ್ಟೆಯ ಗಂಟನ್ನು ಕೆಳಗಿಳಿಸಲಿಲ್ಲ. ಜೀವನವಿಡೀ ಗುಂಡಿ ಹೊಲಿದ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು. ಮೊದಲ ಗುಂಡಿ ಎರಡನೆಯ ಕಾಜಾಕ್ಕೆ ಹೋಗಿತ್ತು. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ತಪ್ಪಿ, ಕೋಟು ಒಂದು ಕಡೆ ಎತ್ತಿ ಒಂದು ಕಡೆ ಜೋತು, ಪೆಟ್ಟಿಗೆ ಕುಡಿದು ಬಂದವನಂತೆ ನಿಂತಿತ್ತು.

ಅತ್ತೆ ತಮ್ಮ ಯಂತ್ರದ ಮುಂದೆ ಹೋಗಿ ಕುಳಿತರು. ಮಗಳು ಕೆಲಸದಿಂದ ಬರುವವರೆಗೂ ಕಾದರು. ಅವಳು ಚಪ್ಪಲಿ ಬಿಡುವ ಮೊದಲೇ, "ಅವರಿಗೆ ಹೇಳು," ಎಂದರು. "ಇಷ್ಟ ಆಗ್ಲಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳ್ಬಹುದಿತ್ತು. ನಾನು ಹೊರಗೆ ಹೋದಾಗ ಬಿಚ್ಚಿಟ್ಟು, ಬಂದಾಗ ಹಾಕೋ ಅಷ್ಟು ಕಷ್ಟ ಪಡ್ಬೇಕಾಗಿರಲಿಲ್ಲ."

"ಹಾಗಲ್ಲ ಅಂತ ಹೇಳೇ," ಎಂದ ಬೀಗದಣ್ಣ.

"ಹಾಗಲ್ಲಂತೆ ಅಮ್ಮ."

"ಮತ್ತೆ ಹೇಗಂತೆ?"

ಬೀಗದಣ್ಣ ತಪ್ಪಿದ ಗುಂಡಿಗಳನ್ನು ಸರಿಮಾಡಲು ಬಗ್ಗಿದ. ಅತ್ತೆ ಕೋಟನ್ನು ಕಳಚಿ ಮಡಿಸಿಕೊಂಡು ಹೋದರು.

ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, "ನೋಡಿ, ಇವತ್ತಿಂದ ನಾನು ಈ ಅಂಚೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೀನಿ. ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ಇಬ್ಬರೂ ಏನಾದ್ರೂ ಒಂದು ಮಾಡ್ಕೊಳ್ಳಿ," ಎಂದು ಬಾಗಿಲೆಳೆದುಕೊಂಡು ಹೋದಳು. ಒಳಗೆ ಉಳಿದವರು ಇಬ್ಬರು ಮನುಷ್ಯರು, ಎರಡು ಯಂತ್ರಗಳು.

ಬೀಗದಣ್ಣ ಬರಿಮೈಯ ಪೆಟ್ಟಿಗೆಯ ಸ್ವಿಚ್ ಒತ್ತಿದ. ಕೊನೆಯ ಪುಟ ಬಾಕಿಯಿತ್ತು. ಆದರೆ ಬೆರಳು ಏಳಲಿಲ್ಲ. ಏಕೆಂದರೆ ಬೆನ್ನ ಹಿಂದೆ ಟಕ್, ಟಕ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. ಅತ್ತೆ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ಗುಂಡಿ ಮುಗಿದರೆ ಹೊಲಿಗೆ ಬಿಚ್ಚುತ್ತಾರೆ. ಹೊಲಿಗೆ ಬಿಚ್ಚಿದರೆ ಅದು ಕೋಟಲ್ಲ, ತುಂಡು ಬಟ್ಟೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೆಲವರಿಗೆ ಮೈಮೇಲೆ ಕೋಟಿದ್ರೆ ಭಾರ ಆಗುತ್ತಂತೆ," ಎಂದರು ಅತ್ತೆ ಹೊಲಿಗೆ ಯಂತ್ರಕ್ಕೆ. ಟಕ್.

ಅವನು ಕಂಪ್ಯೂಟರಿನ ಕಡೆಗೆ ತಿರುಗಿ, "ಭಾರ ಅಲ್ಲ. ಸೆಕೆ," ಎಂದ.

"ಈ ಚಳೀಲಿ ಸೆಕೆಯಂತೆ ಕೇಳಿದ್ಯಾ?" ಟಕ್.

"ಸೆಕೆ ಒಳಗಿರುತ್ತೆ. ಹೊರಗಿದ್ದೋರಿಗೆ ಗೊತ್ತಾಗಲ್ಲ."

"ಒಳಗಿರೋದನ್ನ ಹೊರಗೆ ಹೇಳ್ಬೇಕಪ್ಪ. ಬಾಯಿಲ್ವಾ?"

"ಇದೆ. ಬಾಯಿ ಬೆನ್ನಲ್ಲಿದೆ."

ಟಕ್ ಎನ್ನುವ ಸದ್ದು ನಿಂತಿತು. ಎಷ್ಟೋ ಬಗೆಯ ಮೈಗಳನ್ನು ಅಳೆದಿದ್ದ ಅತ್ತೆಗೆ ಬೆನ್ನಲ್ಲಿ ಬಾಯಿರುವ ಗಿರಾಕಿ ಈವರೆಗೆ ಸಿಕ್ಕಿರಲಿಲ್ಲ. ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು.

"ಎಲ್ಲಿ?" ಎಂದರು. ಈ ಸಲ ಯಂತ್ರಕ್ಕಲ್ಲ.

ಬೀಗದಣ್ಣ ಪೆಟ್ಟಿಗೆಯನ್ನು ಅರ್ಧ ತಿರುಗಿಸಿ, ಅದರ ಬೆನ್ನಲ್ಲಿದ್ದ ಜಾಲರಿಯನ್ನು ತೋರಿಸಿದ. "ಇಲ್ಲಿ ಕೈ ಇಡಿ ಅತ್ತೆ. ಮುಟ್ಬೇಡಿ, ಹತ್ತಿರ ಹಿಡೀರಿ ಸಾಕು."

ಅತ್ತೆ ಅಂಗೈ ಹಿಡಿದರು. ಒಂದು ಕ್ಷಣ ಬಿಟ್ಟು ಕಣ್ಣರಳಿಸಿದರು. "ಅಯ್ಯೋ! ಉಸಿರು ಬಿಡ್ತಿದೆಯಲ್ರೀ!"

"ಹೂಂ ಅತ್ತೆ. ಅದು ಬಿಸಿಯನ್ನೆಲ್ಲ ಇಲ್ಲಿಂದ ಹೊರಗೆ ಹಾಕುತ್ತೆ. ಹೊರಗೆ ಹೋಗೋಕೆ ಜಾಗ ಇಲ್ಲ ಅಂದ್ರೆ ಬೆಂದು ಹೋಗೋ ಬದಲು ತಾನೇ ಆರಿಬಿಡುತ್ತೆ. ನಿಮ್ಮ ಕೋಟಲ್ಲಿ ಒಂದು ಚೂರೂ ಸಂದಿಲ್ಲ. ಅಷ್ಟು ಚೆನ್ನಾಗಿ ಹೊಲಿದಿದೀರಿ."

ಹೇಳಿಬಿಟ್ಟು ಅವನು ಕಣ್ಣು ಮುಚ್ಚಿದ. ಬೀಗ ಒಡೆದ ಮೇಲೆ ಬಾಗಿಲ ಹಿಂದೆ ಯಾರಿದ್ದಾರೋ ಎಂದು ಕಾಯುವವನ ಹಾಗೆ.

ಅತ್ತೆ ಕೈ ತೆಗೆಯದೆ ನಿಂತಿದ್ದರು. "ನಾನು ಅಳತೆ ತಗೊಂಡಾಗ ಉಸಿರು ಬಿಡ್ತಿರಲಿಲ್ಲ ಇದು."

"ಆಗ ಆಫ್ ಆಗಿತ್ತಲ್ಲ ಅತ್ತೆ."

ಅತ್ತೆಯ ಮುಖದಲ್ಲಿ ಏನೋ ಬದಲಾಯಿತು. ಸೊಂಟಕ್ಕೆ ಕೈಯಿಟ್ಟು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು. "ಕಳ್ಳ!" ಎಂದರು. "ಉಸಿರು ಬಿಗಿಹಿಡಿದು ಅಳತೆ ಕೊಟ್ಟಿದೆ! ನಂಗೆ ಇಂಥೋರು ಹೊಸಬರಾ? ಬ್ಯಾಂಡಿನಲ್ಲಿ ತುತ್ತೂರಿ ಊದೋನು ಒಬ್ಬ ಹೀಗೇ ಮಾಡಿದ್ದ. ಅಳತೆ ಕೊಡುವಾಗ ಹೊಟ್ಟೆ ಒಳಗೆಳ್ಕೊಂಡು ನಿಂತ, ಆಮೇಲೆ ನಾಲ್ಕು ಜನರ ಮುಂದೆ ಊದೋಕೆ ಹೋಗಿ ಗುಂಡಿಯೆಲ್ಲ ಕಿತ್ತು ಬಂತು. ಬೈಸಿಕೊಂಡಿದ್ದು ನಾನು." ಅಷ್ಟು ಹೇಳಿ ಅಳಿಯನ ಕಡೆಗೆ ತಿರುಗಿದರು. "ಅದಕ್ಕೆ ಬುದ್ಧಿಯಿಲ್ಲ, ಬಿಡಿ. ನೀವಾದ್ರೂ ಹಿಂದೆ ಗಾಳಿ ಬೇಕು ಅಂತ ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಕೇಳ್ಲಿಲ್ವಲ್ಲ ಅತ್ತೆ."

"ಕೇಳೋದು ಹೇಗ್ರೀ? ನಾವಿಬ್ರೂ ಮಾತು ಬಿಟ್ಟಿದ್ವಲ್ಲ!"

ಕಂಪ್ಯೂಟರ್ ಒಂದೇ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು. ಮೊದಲು ನಕ್ಕದ್ದು ಯಾರೆಂದು ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿದರು.

ಮಧ್ಯಾಹ್ನ ಮನೆಗೆ ಬಂದ ಹೆಂಡತಿಗೆ ಬೀದಿಯಿಂದಲೇ ಗಲಾಟೆ ಕೇಳಿಸಿತು. ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

"ಇನ್ನೂ ಎಡಕ್ಕೆ ಅತ್ತೆ, ಇನ್ನೂ ಎಡಕ್ಕೆ!"

"ಸೀಮೆಸುಣ್ಣ ಸರಿಯಾಗಿ ಹಿಡೀರಿ ಅಳಿಯಂದ್ರೇ. ಬೀಗಕ್ಕೆ ರಂಧ್ರ ಕೊರೆದ ಹಾಗಲ್ಲ ಇದು, ಬಟ್ಟೆ. ಒಂದ್ಸಲ ಕತ್ತರಿ ಬಿತ್ತು ಅಂದ್ರೆ ಮುಗೀತು."

"ಪಕ್ಕದಲ್ಲೂ ಒಂದು ಬೇಕು."

"ಪಕ್ಕದಲ್ಲೂ, ಬೆನ್ನಲ್ಲೂ ತೆಗೆದ್ರೆ ಉಳಿಯೋದೇನು? ಬರೀ ಜೇಬು!"

ಅತ್ತೆ ಹತ್ತಿಯನ್ನೆಲ್ಲ ಕಿತ್ತೆಸೆದಿದ್ದರು. ಬೆನ್ನಿಗೆ ಅಗಲವಾದ ಕಿಟಕಿ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಬ್ಯಾಂಡಿನವರ ಟೋಪಿಗೆ ತಂದಿದ್ದ ತೆಳು ಜಾಲರಿ ಬಟ್ಟೆಯನ್ನು ಕೂರಿಸುತ್ತಿದ್ದರು. ಹೆಂಡತಿ ಬಾಗಿಲಲ್ಲೇ ನಿಂತು ತುಂಬ ಹೊತ್ತು ಕೇಳಿದಳು. ಆಮೇಲೆ, "ಇಷ್ಟು ಮಾತಾಡ್ತೀರಿ ಅಂತ ಮೊದಲೇ ಗೊತ್ತಿದ್ದಿದ್ರೆ ರಾಜೀನಾಮೆ ಕೊಡ್ತಾನೇ ಇರ್ಲಿಲ್ಲ. ಸ್ವಲ್ಪ ಮೆಲ್ಲಗೆ," ಎಂದಳು.

ಗುಂಡಿಯಿಲ್ಲದೆಯೇ ಹೊಸ ಕೋಟು ತೊಟ್ಟ ಪೆಟ್ಟಿಗೆ ಸಂಜೆಯವರೆಗೂ ಆರಲಿಲ್ಲ. ಬೀಗದಣ್ಣ ಕೊನೆಗೆ ಆ ವಾಕ್ಯಕ್ಕೆ ಬಂದು, ಹುಡುಕಿಟ್ಟುಕೊಂಡಿದ್ದ ದೊಡ್ಡ ಪದಗಳನ್ನೆಲ್ಲ ಬಿಟ್ಟು, "ಒಳ್ಳೆಯ ಬೀಗದ ಮೊದಲ ಲಕ್ಷಣವೆಂದರೆ ಅದು ಮನೆಯವರಿಗೆ ತೆರೆಯಬೇಕು" ಎಂದು ಬರೆದ. ಹೊತ್ತು ಮೀರುವ ಮೊದಲೇ ಪ್ರಿಂಟು ತೆಗೆಸಿ ಮೇಷ್ಟರ ಕೈಗೆ ಮುಟ್ಟಿಸಿದ. ಮೇಷ್ಟರು ಪಾಸು ಮಾಡಿದರು, ಆ ವಾಕ್ಯದ ಪಕ್ಕದಲ್ಲಿ ಒಂದು ಕೆಂಪು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದರು.

ಅಂದು ಅವನು ಹೊರಡುವ ಮೊದಲು ಇನ್ನೊಂದು ಸಂಗತಿ ನಡೆಯಿತು. ಕತ್ತರಿಸಿದ ಗುಂಡಿಗಳನ್ನು ಮತ್ತೆ ಹೊಲಿಯಲೆಂದು ಅತ್ತೆ ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಗುಂಡಿಗಳ ನಡುವೆ ಕೆಂಪು ದಾರ ಕಟ್ಟಿದ ಒಂದು ಕೀಲಿಕೈ ಬಿದ್ದಿತು.

"ಇದರ ಅಳತೆ ನೀವು ಹೇಗೆ ತಗೊಂಡಿದ್ರೋ ಏನೋ," ಎಂದರು ಅತ್ತೆ ದಾರ ಪೋಣಿಸುತ್ತಾ.

ಬೀಗದಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ಹಲ್ಲುಗಳೆಲ್ಲ ಸರಿಯಾಗಿವೆ ಅನ್ನಿಸಿತು. ಇನ್ನೊಮ್ಮೆ ನೋಡಿದಾಗ ಮೂರನೆಯದು ಕೂದಲೆಳೆಯಷ್ಟು ಹೆಚ್ಚು ಅರೆದಿದೆಯೇನೋ ಅನ್ನಿಸಿತು. ಮೂರನೆಯ ಸಲ ನೋಡುವ ಧೈರ್ಯವಾಗಲಿಲ್ಲ.

"ಅತ್ತೆ, ಅವತ್ತು ಇದನ್ನ ಹಲ್ಲು ಮೇಲೆ ಮಾಡಿ ಹಾಕಿದ್ರಾ, ಕೆಳಗೆ ಮಾಡಿ ಹಾಕಿದ್ರಾ?"

"ಅದೆಲ್ಲ ಈಗ ಯಾರಿಗೆ ನೆನಪಿದೆ ಅಳಿಯಂದ್ರೇ. ಹೊತ್ತಾಯ್ತು, ಹೊರಡಿ."

ಅವನು ಕೀಲಿಕೈಯನ್ನು ಗುಂಡಿಗಳ ನಡುವೆ ಇಟ್ಟು ಹೊರಟ.

ಕಂಪ್ಯೂಟರ್ ಅದಾದ ಮೇಲೆ ಒಂದೇ ಒಂದು ಸಲ, ಕೋಟು ಒಗೆಯಲು ಹಾಕಿದ್ದ ದಿನ, ಬರಿಮೈಯಲ್ಲೇ ತಾನಾಗಿ ಆರಿತು. ಅದು ಯಾಕೆ ಎಂದು ತಿಳಿದವರಿಲ್ಲ. ತಾನು ಮೊದಲೇ ಹೇಳಿದ್ದೆ ಎನ್ನುತ್ತಾನೆ ರೀಸ್ಟಾರ್ಟ್. ಕೀಲಿಕೈಯ ವಿಷಯವೂ ಅಷ್ಟೇ. ತಪ್ಪು ಅರೆದವನದೋ ತಿರುಗಿಸಿದವರದೋ ಎಂದು ನೋಡಲು ಆ ಬೀಗ ಬೇಕು, ಬೀಗ ಗುಜರಿಗೆ ಹೋಗಿ ವರ್ಷಗಳಾದವು. ಅವರಿಬ್ಬರಿಗೂ ಗೊತ್ತಿಲ್ಲ, ಇದನ್ನು ಹೇಳಿದವರಿಗೂ ಗೊತ್ತಿಲ್ಲ.